ವನದುರ್ಗವನ್ನು ಇಸ್ಪೀಟು ನುಂಗಿತು

ಲಾಲಪ್ಪ ಕಂಪ್ಯೂಟರಿಗೆ ಒಂದೇ ಒಂದು ಮಾತು ಹೇಳಲು ಮರೆತ. ಕೃಷ್ಣೆ ಹಿಮ್ಮುಖವಾಗಿ ಹರಿಯುವಷ್ಟು ರಾದ್ಧಾಂತವಾಯಿತು. ಸುಳ್ಳಲ್ಲ, ಮೀನುಗಳೇ ಸಾಕ್ಷಿ.

ಶಹಾಪುರ ಸೀಮೆಯ ಒಂದು ಕಾಲುವೆ ಕಚೇರಿಯಲ್ಲಿ ಅವನು ಗುತ್ತಿಗೆ ಆಪರೇಟರ್. ಈ ದಿನ ಯಾವ ಊರಿಗೆ ನೀರು ಎಂದು ತೋರಿಸುವ ಪ್ರೋಗ್ರಾಂ ಬರೆದಿದ್ದ. ಸಂಜೆ ಸಾಹೇಬರು ಮೆಚ್ಚಿದರೆ ಕೆಲಸ ಕಾಯಂ. ಇಲ್ಲದಿದ್ದರೆ ನಾಳೆಯಿಂದ ಮನೆ.

ಬೆಳಿಗ್ಗೆ ಪರದೆಯ ವಿಂಡೋದಲ್ಲಿ ಕುಂಬಳಕಾಯಿ ಗಾತ್ರದ ಅಕ್ಷರಗಳು ಮೂಡಿದವು: "ಇಂದಿನ ಪಾಳಿ: ವನದುರ್ಗ." ಹತ್ತಿ ಹೊಲಕ್ಕೆ ನೀರು ಕೇಳಲು ಆ ಊರಿನಿಂದ ಬಂದಿದ್ದ ಹಣಮಮ್ಮ ಬಾಗಿಲಲ್ಲೇ ನಿಂತು ಕೈಮುಗಿದಳು.

ಲಾಲಪ್ಪ ಚಹಾಕ್ಕೆ ಎದ್ದದ್ದೇ ತಡ, ದಿನಗೂಲಿ ಗುಮಾಸ್ತ ಖಂಡಪ್ಪ ಅವನ ಕುರ್ಚಿಗೆ ಜಾರಿ ಇಸ್ಪೀಟಾಟ ತೆರೆದ. ಆಟ ಮುಚ್ಚಿದಾಗ ಅದರಡಿಯ ವನದುರ್ಗ ಮಾಯ. ಬಿಳಿ ಬಟಾಬಯಲು!

"ಅಯ್ಯ ನಮ್ಮವ್ವ! ನಮ್ಮೂರು ಎಲ್ಲಿ ಹೋತೋ?" ಹಣಮಮ್ಮ ಕಿರುಚಿದ ರಭಸಕ್ಕೆ ಸುರಪುರದ ಬಂಡೆಗಳು ಮಗ್ಗುಲು ಬದಲಿಸಿದವು.

"ನಾ ಏನೂ ಮಾಡಿಲ್ಲಬೇ. ರಾಜಾನ ಮ್ಯಾಲ ರಾಣಿ ಇಟ್ಟೆ, ಅಷ್ಟ," ಎಂದ ಖಂಡಪ್ಪ.

ಲಾಲಪ್ಪ ಓಡಿಬಂದು ಹೆಸರನ್ನು ಮತ್ತೆ ಮೂಡಿಸಿದ. ಖಂಡಪ್ಪ ಕ್ಯಾಲ್ಕುಲೇಟರ್ ತೆರೆದು ಮುಚ್ಚಿದ. ಅರ್ಧ ಊರು ಹೋಯಿತು.

"ನಮ್ಮ ನೀರೆಲ್ಲ ನಿನ್ನ ಡಬ್ಬೀನ ಕುಡ್ಯಾಕತ್ತೈತಿ! ಹತ್ತಿ ಒಣಗಿದ್ರ ಗಿಡ ಕಿತ್ತು ನಿನ್ನ ಕೊಳ್ಳಾಗ ಕಟ್ತೇನಿ ನೋಡು!" ಹಣಮಮ್ಮ ಲಾಲಪ್ಪನ ಮೇಲೆ ಹರಿಹಾಯ್ದಳು.

ಬೆವರಿನಲ್ಲಿ ಈಜುತ್ತಲೇ ಲಾಲಪ್ಪ ತಪ್ಪು ಹಿಡಿದ. ಅಕ್ಷರ ಬರೆ ಎಂದು ಯಂತ್ರಕ್ಕೆ ಒಮ್ಮೆ ಮಾತ್ರ ಹೇಳಿದ್ದ. ಮೇಲೆ ಏನಾದರೂ ಬಂದು ಸರಿದಾಗಲೆಲ್ಲ ಮತ್ತೆ ಬರೆ ಎಂದು ಹೇಳಿರಲಿಲ್ಲ. ಈಗ ಹೇಳಿದ. ಆಮೇಲೆ ಖಂಡಪ್ಪ ಎಷ್ಟು ಇಸ್ಪೀಟು ಹರವಿದರೂ ವನದುರ್ಗ ಕದಲಲಿಲ್ಲ.

ಸಂಜೆ ಸಾಹೇಬರು ಬಂದರು. ಲಾಲಪ್ಪ ವಿಂಡೋವನ್ನು ಮುಚ್ಚಿದ, ತೆರೆದ, ಎಮ್ಮೆಯಂತೆ ಆಚೀಚೆ ಎಳೆದಾಡಿದ.

"ಏನ್ ಮಾಡಿದ್ರೂ ಹೋಗಂಗಿಲ್ರಿ ಸಾಹೇಬ್ರ!"

ಸಾಹೇಬರ ಮುಖ ಸುಟ್ಟ ಬದನೆಕಾಯಿಯಾಯಿತು. ಅವನ ಕಿವಿಗೆ ಬಾಯಿ ತಂದರು. "ನೀರು ಮ್ಯಾಲಿನ ಸಾವಕಾರ್ರ ನೆಲ್ಲಿನ ಗದ್ದಿಗೆ ಬಿಟ್ಟು ಬಂದೀನಿ. ಇದು ಹಿಂಗ ಬೆಳಗಿಕೊಂತ ಕುಂತ್ರ ಜನಕ್ಕ ಏನ್ ಹೇಳ್ಲೋ ಬೇಕೂಫ?" ಆಮೇಲೆ ತಲೆಯೆತ್ತಿ ಎಲ್ಲರಿಗೂ ಕೇಳುವಂತೆ ಗುಡುಗಿದರು: "ಮುಂಜಾನಿ ಅಳಿಸಿಹೋಗಿತ್ತಂತಲ್ಲ, ಅಳಿಸಿದಾಂವ ಯಾಂವ?"

"ನಾನ್ರೀ!" ಖಂಡಪ್ಪನ ಎದೆ ಎರಡು ಮಾರು ಉಬ್ಬಿತು.

ಕಾಯಂ ಕುರ್ಚಿ ಖಂಡಪ್ಪನ ಪಾಲಾಯಿತು.

ಬುತ್ತಿಡಬ್ಬಿ ಹಿಡಿದು ಹೊರಬಿದ್ದ ಲಾಲಪ್ಪನ ಅಂಗಿಯನ್ನು ಹಣಮಮ್ಮ ಗಪ್ಪನೆ ಹಿಡಿದಳು.

"ಎಲ್ಲಿ ಹೊಂಟಿ? ಹೆಸರು ಗಟ್ಟಿ ಮಾಡಿದಾಂವ ನೀನ. ನಡಿ, ನೀರು ಬಿಡು!"