ಸಿಡಿಲುಗೈಯೂ ಎರಡು ಗಜ ಲೇಸೂ

ನನಗೊಂದು ಚಟವಿದೆ. ಬೀಡಿ, ತಂಬಾಕು ಅಲ್ಲ. ನನಗೇ ಅರ್ಥವಾಗದ್ದನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳುವ ಚಟ. ಪಕ್ಕದ ಮನೆಯವರು ಹೊಸ ಟಿವಿ ತಂದಾಗ ಅವರ ಮಾಳಿಗೆ ಹತ್ತಿ, ಆಂಟೆನಾ ಯಾವ ದಿಕ್ಕಿಗಿರಬೇಕೆಂದು ಅರ್ಧ ತಾಸು ವಿವರಿಸಿದವನು ನಾನು. ನಾನು ಇಳಿದು ಬಂದ ಮೇಲೆ, ಅದರಲ್ಲಿ ಅಷ್ಟೋ ಇಷ್ಟೋ ಮಸುಕಾಗಿ ಕಾಣುತ್ತಿದ್ದ ಮನುಷ್ಯರೂ ಮಾಯವಾದರು. ಆದರೂ ಜನ ನನ್ನನ್ನು ಕೇಳುವುದು ಬಿಡಲಿಲ್ಲ. ಏಕೆಂದರೆ ಸಿಂಧನೂರಿನಲ್ಲಿ ನನ್ನದು ಪುಸ್ತಕದ ಅಂಗಡಿ. ಪುಸ್ತಕ ಮಾರುವವನು ಅಂಗಡಿಯಲ್ಲಿರುವುದನ್ನೆಲ್ಲ ಓದಿಕೊಂಡಿರುತ್ತಾನೆ ಎಂದು ನಮ್ಮವರ ನಂಬಿಕೆ. ಕಿರಾಣಿ ಅಂಗಡಿಯವನು ಇದ್ದ ಬೆಲ್ಲವನ್ನೆಲ್ಲ ತಿಂದಿರುತ್ತಾನೆಂದು ಮಾತ್ರ ಯಾರೂ ನಂಬುವುದಿಲ್ಲ.

ತೊಂಬತ್ತರ ದಶಕದ ಆರಂಭದ ಮಾತು. ಚಳಿಗಾಲ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ಹೈದರಾಬಾದಿನ ಕಡೆಯಿಂದ ಆಟಿಕೆ ಕಂಪನಿಯ ಪ್ರತಿನಿಧಿಯೊಬ್ಬ ಬಂದ. ನಮ್ಮ ಬಿಸಿಲಿನಲ್ಲೂ ಟೈ ಕಟ್ಟಿದ್ದ, ಅದರಿಂದಲೇ ಆಗಾಗ ಬೆವರು ಒರೆಸಿಕೊಳ್ಳುತ್ತಿದ್ದ. ಅವನು ಕೌಂಟರಿನ ಮೇಲೆ ಬಣ್ಣಬಣ್ಣದ ಕಾರ್ಡುಗಳನ್ನು ಹರಡಿದ. ಪ್ರತಿ ಕಾರ್ಡಿನಲ್ಲೂ ಒಬ್ಬ ಮಹಾವೀರ: ಬಿಗಿಯಾದ ಉಡುಪು, ಎದೆಯ ಮೇಲೊಂದು ಗುರುತು, ಚಡ್ಡಿ ಮಾತ್ರ ಪ್ಯಾಂಟಿನ ಹೊರಗೆ. ಕೆಳಗೆ ಬಲ, ವೇಗ, ಬುದ್ಧಿ ಎಂದು ಅಂಕಿಗಳು. ಸಿಡಿಲುಗೈ, ಮಿಂಚುರಾಯ, ಅಗ್ನಿರೆಕ್ಕೆ ಎಂದು ಹೆಸರುಗಳು. "ಕಾರ್ಡು ಮಾರೋದು ಮುಖ್ಯ ಅಲ್ಲ ಸರ್, ಹೊಸ ಆಟಗಾರರನ್ನ ತಯಾರು ಮಾಡಬೇಕು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರಕ್ಕೂ ನೀವೇ ಡಿಸ್ಟ್ರಿಬ್ಯೂಟರ್" ಎಂದ. ಅಲ್ಲಿಯವರೆಗೆ ನನ್ನನ್ನು ಎಲ್ಲರೂ 'ಪಾಟಿ-ಪೆನ್ಸಿಲ್ ಅಂಗಡ್ಯಾಂವ' ಎನ್ನುತ್ತಿದ್ದರು. ಆ ಇಂಗ್ಲಿಷ್ ಪದ ಕಿವಿಗೆ ಬಿದ್ದದ್ದೇ ತಡ, ಪೆಟ್ಟಿಗೆಗಳನ್ನು ಒಳಗಿಳಿಸಿಕೊಂಡೆ.

ಇಳಿಸಿಕೊಂಡವನು ಅವುಗಳನ್ನು ಜೋಡಿಸಿದ್ದು ಬೀದಿಗೆ ಮುಖಮಾಡಿದ ಗಾಜಿನ ಕಪಾಟಿನಲ್ಲಿ. ತಪ್ಪಾದದ್ದು ಅಲ್ಲಿಯೇ. ನನ್ನ ಹೆಂಡತಿ ಸುಮಂಗಲಾ ಮನೆಯಲ್ಲಿ ಕುಪ್ಪಸ ಹೊಲಿಯುತ್ತಿದ್ದಳು. ಲೇಸು, ಗುಂಡಿ, ಬಣ್ಣದ ದಾರ ಇಟ್ಟುಕೊಂಡು ಅಂಗಡಿಯ ಮುಂಭಾಗದಲ್ಲೇ ಮಷೀನು ಹಾಕಬೇಕೆಂದು ಆ ಕಪಾಟಿನ ಮೇಲೆ ಬಹಳ ದಿನಗಳಿಂದ ಕಣ್ಣಿಟ್ಟಿದ್ದಳು. ನಾನು ಜಾಗವಿಲ್ಲ ಎನ್ನುತ್ತ ಬಂದಿದ್ದೆ. ಈಗ ಅದೇ ಜಾಗದಲ್ಲಿ ಚಡ್ಡಿ ಹೊರಗೆ ಹಾಕಿಕೊಂಡ ಗಂಡಸರು ಸಾಲಾಗಿ ನಿಂತದ್ದನ್ನು ನೋಡಿ ಅವಳು ಒಬ್ಬೊಬ್ಬರನ್ನೇ ಎಣಿಸಿದಳು. ಆಮೇಲೆ, "ಆತು ಬಿಡ್ರಿ. ಉಗಾದಿಯೊಳಗ ನಮ್ಮ ಅಂಗಡ್ಯಾಗ ನಾಕು ಮಂದಿ ಕುಂತು ಈ ಆಟ ಆಡಿದ್ರ ಕಪಾಟು ನಿಮ್ಮದು, ನಾ ಮತ್ತ ಬಾಯಿ ತಗಿಯಂಗಿಲ್ಲ. ಆಡಲಿಲ್ಲಂದ್ರ ನಂದು" ಎಂದಳು. ನಾಲ್ಕೇ ಮಂದಿಯಲ್ಲವೇ ಎಂದು ನಾನು ನಕ್ಕು ಒಪ್ಪಿದೆ.

ಆಟ ಕಲಿಸುವ ಮೊದಲು ಕಲಿಯಬೇಕಲ್ಲ. ಪೆಟ್ಟಿಗೆಯಲ್ಲಿ ಕನ್ನಡದ ನಿಯಮಪತ್ರಿಕೆಯೊಂದಿತ್ತು. 'ಬಲಹೀನನಾದ ವೀರನು ಆಟದ ಕ್ಷೇತ್ರದಿಂದ ವಿಶ್ರಾಂತಿಗೆ ತೆರಳತಕ್ಕದ್ದು. ಆದರೆ ವಿಶ್ರಾಂತಿಯಲ್ಲಿರುವವನು ತನ್ನ ಸರದಿಯನ್ನು ಕಳೆದುಕೊಳ್ಳತಕ್ಕದ್ದಲ್ಲ' ಎಂಬಂಥ ವಾಕ್ಯಗಳು. ಕೋರ್ಟಿನ ಕಾಗದವಾದರೂ ಇದಕ್ಕಿಂತ ಕರುಣೆಯಿಂದ ಬರೆದಿರುತ್ತದೆ. ಒಬ್ಬ ಒಂದು ಅಂಕಿ ಕೂಗಬೇಕು, ದೊಡ್ಡ ಅಂಕಿಯವನು ಚಿಕ್ಕ ಅಂಕಿಯವನ ಕಾರ್ಡು ತೆಗೆದುಕೊಳ್ಳಬೇಕು ಎಂಬಷ್ಟು ಮಾತ್ರ ನನ್ನ ತಲೆಗೆ ಹತ್ತಿತು. ಉಳಿದದ್ದು ಹೇಳುತ್ತ ಹೇಳುತ್ತ ತಿಳಿದೀತು ಎಂದು ಹೊರಟೆ.

ಲಿಂಗಸುಗೂರು ನನ್ನ ಹೆಂಡತಿಯ ತವರು. ಮನೆಯ ಮುಂದಿನ ಕಟ್ಟೆಯ ಮೇಲೆ ಕಾರ್ಡು ಹರಡಿ ಓಣಿಯವರನ್ನು ಕರೆಯುವಷ್ಟರಲ್ಲಿ ಮಾವನವರು ಹೊರಗೆ ಬಂದರು. ನಿವೃತ್ತ ಹೆಡ್‌ಮಾಸ್ತರರು. ಅವರು ಕನ್ನಡಕ ಏರಿಸಿ ನೋಡುತ್ತಿದ್ದಂತೆ ಓಣಿಯವರೆಲ್ಲ ಕರಗಿದರು. "ಅಂಗಡಿ ಛಲೋ ನಡದೈತಿ ಅಂತಿದ್ಲು ಸುಮಂಗಲಾ. ಮತ್ತ ಇದು ಯಾಕ ಬೇಕಾತ್ರಿ?" ಎಂದರು. ಇದು ಇಸ್ಪೀಟಲ್ಲ, ಇದರಲ್ಲಿ ರಾಜ ರಾಣಿ ಇಲ್ಲ, ಮಹಾವೀರರಿದ್ದಾರೆ ಎಂದೆ. "ಗೆದ್ದಾಂವ ಸೋತಾಂವನ ಎಲಿ ತಗೋತಾನೋ ಇಲ್ಲೋ?" "ತಗೋತಾನ್ರಿ." "ಅಂದಮ್ಯಾಲ ಇಸ್ಪೀಟ ಆತು. ಒಳಗ ಬರ್ರಿ, ಊಟಕ್ಕಾಗೇತಿ." ಅಂದು ಶೇಂಗಾ ಹೋಳಿಗೆ ಮಾಡಿದ್ದರು. ಜೂಜುಕೋರ ಅಳಿಯನಿಗೂ ತುಪ್ಪ ಕಡಿಮೆ ಬಡಿಸಲಿಲ್ಲ ಎಂಬುದೊಂದೇ ಸಮಾಧಾನ.

ತಿರುಗಿ ಬರುವಾಗ ಮಸ್ಕಿಯಲ್ಲಿ ಇಳಿದೆ. ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಬಸ್ಸಿಗಾಗಿ ಕಾಯುತ್ತಿದ್ದ ಇಬ್ಬರು ಮೇಷ್ಟರು ಬೇಸರ ಕಳೆಯಲೆಂದು ಆಡಲು ಕೂತರು. ನನಗೆ ಎದೆ ತುಂಬಿ ಬಂತು. ಆದರೆ ಅವರು ಮೇಷ್ಟರು, ಪ್ರಶ್ನೆ ಕೇಳುವುದೇ ಅವರ ಕಸುಬು. "ವಿಶ್ರಾಂತಿಗೆ ಹೋದಾಂವ ಯಾವಾಗ ವಾಪಸ್ ಬರ್ತಾನ?" ಎಂದು ಒಬ್ಬರು, "ವಿಶ್ರಾಂತಿಯೊಳಗಿದ್ದಾಗ ಅವನ ಬಲ ಯಾರ ಲೆಕ್ಕಕ್ಕ?" ಎಂದು ಇನ್ನೊಬ್ಬರು. ನಾನು ವಿವರಿಸಿದೆ. ವಿವರಿಸಿದಷ್ಟೂ ನನಗೇ ಗೋಜಲಾಗುತ್ತ ಹೋಯಿತು. ಕೊನೆಗೆ ಇಬ್ಬರ ವೀರರೂ ವಿಶ್ರಾಂತಿಯಲ್ಲಿ, ಇಬ್ಬರ ಸರದಿಯೂ ಬಾಕಿ ಎಂಬ ಸ್ಥಿತಿಯಲ್ಲಿ ಬಸ್ಸು ಬಂತು. ಅವರು ಎದ್ದು ಹೋದರು. ಅವರ ವೀರರು ಈಗಲೂ ವಿಶ್ರಾಂತಿಯಲ್ಲೇ ಇರಬೇಕು.

ಉಳಿದದ್ದು ಸಿಂಧನೂರೇ. ಒಂದು ದೊಡ್ಡ ಪೋಸ್ಟರು ತಂದು ಅಂಗಡಿಯ ಹೊರಗೋಡೆಗೆ ಅಂಟಿಸಿದೆ. ಪಕ್ಕದಲ್ಲೇ ಬೆಳೆಗೆ ಹೊಡೆಯುವ ಔಷಧದ ಅಂಗಡಿ. ನಮ್ಮ ಕಡೆ ಅದಕ್ಕೆ 'ಎಣ್ಣಿ' ಎನ್ನುತ್ತಾರೆ. ಅಲ್ಲಿಯ ಗೋಡೆಯ ಮೇಲೂ ತೋಳು ಉಬ್ಬಿಸಿಕೊಂಡ, ಹುಳುಗಳನ್ನು ಮೆಟ್ಟಿ ನಿಂತ ಗಂಡಸರ ಚಿತ್ರಗಳೇ. ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ಮರುದಿನವೇ ಗೊರೇಬಾಳದ ಹನುಮಂತಪ್ಪ ಎಂಬ ರೈತ ಬೈಕು ನಿಲ್ಲಿಸಿ ಒಳಗೆ ಬಂದ, ಕಾರ್ಡುಗಳನ್ನು ಒಂದೊಂದೇ ತಿರುವಿ ನೋಡಿದ. ಅವನ ಹಿಂದೆ ಮುಕ್ಕುಂದದವರು ಇಬ್ಬರು ಬಂದು ನಿಂತರು. ನಾನು ಮನಸ್ಸಿನಲ್ಲೇ ಎಣಿಸಿದೆ, ಮೂವರು. ನಾಲ್ಕನೆಯವನಾಗಿ ನಾನೇ ಕೂತರಾಯಿತು.

"ಹೊಸದಾಗಿ ಬಂದಾವೇನ್ರಿ ಇವು?" ಎಂದ ಹನುಮಂತಪ್ಪ.

"ಈಗಷ್ಟ ಬಂದಾವು. ಮೂರೂ ಊರಿಗೆ ನಾನ ಡಿಸ್ಟ್ರಿಬ್ಯೂಟರ್."

"ಇವುಗಳಾಗ ಜೋರು ಯಾವುದು?"

"ಸಿಡಿಲುಗೈ. ಬಲ ತೊಂಬತ್ತು ಐತಿ ನೋಡ್ರಿ."

"ತೊಂಬತ್ತು ಅಂದ್ರ ಎಕರೇಕ್ಕೇನ್ರಿ?"

ಇಲ್ಲಿ ನಾನು ತಡವರಿಸಿದೆ. ನಿಯಮಪತ್ರಿಕೆಯಲ್ಲಿ 'ಆಟದ ಕ್ಷೇತ್ರ' ಎಂದೇನೋ ಇತ್ತಲ್ಲ, ಇವರು ರೈತರು, ಅದನ್ನೇ ತಮ್ಮ ಲೆಕ್ಕದಲ್ಲಿ ಕೇಳುತ್ತಿದ್ದಾರೆಂದುಕೊಂಡು "ಹೌದ್ರಿ, ಎಕರೇಕ್ಕ" ಎಂದೆ. "ನೀರಾಗ ಕಲಸೋದಾ?" ಎಂದ. ರಟ್ಟಿನ ಕಾರ್ಡು ನೀರಿಗೆ ಬಿದ್ದರೆ ಉಳಿಯುತ್ತದೆಯೇ? "ಅಪ್ಪಿತಪ್ಪಿ ನೀರು ಮುಟ್ಟಸಬ್ಯಾಡ್ರಿ, ಪೂರಾ ಕೆಡ್ತಾವ" ಎಂದೆ. ಹನುಮಂತಪ್ಪ ಹಿಂದಿನವರತ್ತ ತಿರುಗಿ "ಹಂಗಾದ್ರ ಪುಡಿ ಐತಿ" ಎಂದ. ಅವರು ತಲೆದೂಗಿದರು. ನಾನೂ ಏನೆಂದು ತಿಳಿಯದೆ ತಲೆದೂಗಿದೆ. "ಎರಡು ಪೆಟ್ಟಿಗಿ ಕೊಡ್ರಿ. ಗದ್ದ್ಯಾಗಿನ ನೆಲ್ಲಿಗೆ ಕಂದು ಜಿಗಿಹುಳ ಬಿದ್ದೈತಿ, ಯಾ ಎಣ್ಣಿಗೂ ಬಗ್ಗವಲ್ದು."

ಆಗ ನನಗೆ ಬೆಳಕಾಯಿತು. ಸುಳ್ಳೇಕೆ, ಒಂದು ಗಳಿಗೆ ಕಪಾಟು ಕಣ್ಣ ಮುಂದೆ ಬಂತು. ಆದರೆ ಎದುರಿಗಿದ್ದವನ ಬೆಳೆ ಗದ್ದೆಯಲ್ಲಿ ಸುಡುತ್ತಿತ್ತು. ಇದು ಔಷಧವಲ್ಲ, ಆಟ ಎಂದು ಹೇಳಿದೆ.

"ಅಂದ್ರ ಇವ ಹುಳ ಕೊಲ್ಲಂಗಿಲ್ಲ?"

"ಇಲ್ರಿ."

"ಮತ್ತ ಇಷ್ಟು ಬಲ ಇಟಗೊಂಡು ಏನ್ ಮಾಡ್ತಾನ?"

"ಇಂಥಾವನ ಇನ್ನೊಬ್ಬ ಇರ್ತಾನ, ಅವನ್ನ ಸೋಲಸ್ತಾನ."

"ಅವ ಏನ್ ಮಾಡಿದ್ದ ಇವಗ?"

ನಾನು ನಿಯಮಪತ್ರಿಕೆಯನ್ನು ಹಿಂದೆ ಮುಂದೆ ತಿರುವಿದೆ. ಮೂವರೂ ಪಕ್ಕದ ಅಂಗಡಿಗೆ ಹೋದರು. ಹನುಮಂತಪ್ಪ ಹೋಗುವಾಗ ನನ್ನ ಭುಜ ತಟ್ಟಿದ. ಯಾರೋ ನನಗೆ ಟೋಪಿ ಹಾಕಿದ್ದಾರೆಂದು ಅವನಿಗೆ ಮರುಕವಾಗಿತ್ತು. ನನಗೂ ಹಾಗೇ ಅನಿಸಿತು. ಉಗಾದಿಗೆ ಇನ್ನೂ ಕೆಲವು ದಿನ ಇತ್ತಾದರೂ ನಾನು ಅಂದೇ ಕಪಾಟು ಖಾಲಿ ಮಾಡಿ ಬೀಗದ ಕೈ ಸುಮಂಗಲೆಗೆ ಕೊಟ್ಟುಬಿಟ್ಟೆ. ಅವಳು ಗೆದ್ದೆನೆಂದು ಬೀಗಲಿಲ್ಲ. "ಆ ರಟ್ಟು ಏನ್ ಮಾಡ್ತೀರಿ? ನನಗ ಕೊಡ್ರಿ" ಎಂದಳು, ಅಷ್ಟೇ.

ರಟ್ಟು ಅವಳಿಗೆ ಸರಿಯಾಗಿ ಒದಗಿತು. ಲೇಸನ್ನು ಎರಡೆರಡು ಗಜ ಕತ್ತರಿಸಿ ಒಂದೊಂದು ಕಾರ್ಡಿಗೆ ಸುತ್ತಿ ಕಪಾಟಿನಲ್ಲಿ ನಿಲ್ಲಿಸಿದಳು, ಪಕ್ಕದಲ್ಲೇ ಮಷೀನು ಹಾಕಿಕೊಂಡಳು. ಮಹಾವೀರರು ಸೊಂಟಕ್ಕೆ ಗುಲಾಬಿ ಲೇಸು ಸುತ್ತಿಕೊಂಡು ಮತ್ತೆ ಬೀದಿಗೆ ಮುಖಮಾಡಿದರು. ನಿಜ ಹೇಳಬೇಕೆಂದರೆ ಮೊದಲಿಗಿಂತ ಮರ್ಯಾದಸ್ಥರಾಗಿ ಕಂಡರು. ಉಗಾದಿಯ ಹಿಂದಿನ ದಿನ ಕುಪ್ಪಸ ಒಯ್ಯಲು ಬಂದವರಿಂದ ಅಂಗಡಿ ಕಿಕ್ಕಿರಿದಿತ್ತು. ಗುಂಡಿ ಹಚ್ಚುವುದು ಮುಗಿಯುವವರೆಗೆ ಹೆಂಗಸರು ಏನು ಮಾಡಬೇಕು? ನಾನು ಪೇಟೆಯಿಂದ ಬಂದು ನೋಡುತ್ತೇನೆ, ಚಾಪೆಯ ಮೇಲೆ ನಾಲ್ವರು ದುಂಡಗೆ ಕೂತು, ಲೇಸು ಬಿಚ್ಚಿದ ಕಾರ್ಡುಗಳನ್ನು ಹಿಡಿದು ಆಡುತ್ತಿದ್ದಾರೆ. ಊರ ಹತ್ತಿರದ ನಿರಾಶ್ರಿತರ ಕಾಲೊನಿ ಆರ್.ಎಚ್. ಕ್ಯಾಂಪಿನ ಬಂಗಾಳಿ ಹೆಣ್ಣುಮಗಳೊಬ್ಬಳು "ಬುದ್ಧಿ" ಎಂದು ಕೂಗಿ ಎಲ್ಲರ ಕಾರ್ಡು ಬಾಚಿಕೊಂಡಳು. ವಿಶ್ರಾಂತಿ, ಕ್ಷೇತ್ರ ಯಾವುದೂ ಇಲ್ಲ. ಆಟ ಮುಗಿದ ಮೇಲೆ ಎಲ್ಲರ ಕಾರ್ಡು ಎಲ್ಲರಿಗೆ ವಾಪಸ್. ನನ್ನ ಮಾವನವರೂ ಆಕ್ಷೇಪಿಸಲಾರದ ಆಟ.

"ನಾಕು ಮಂದಿ" ಎಂದೆ ನಾನು, ಸುಮಂಗಲೆಯ ಹತ್ತಿರ ಹೋಗಿ ಮೆಲ್ಲಗೆ. "ನಮ್ಮ ಅಂಗಡಿ. ಉಗಾದಿ ಇನ್ನೂ ನಾಳಿಗೈತಿ."

ಅವಳು ಮಷೀನಿನಿಂದ ಕಣ್ಣೆತ್ತದೆ, "ಹೌದು, ನೀವು ಗೆದ್ದೀರಿ. ಕಪಾಟು ತಗೋರಿ. ಅದರಾಗ ಏನ್ ಇಡ್ತೀರಿ?" ಎಂದಳು.

ಏನಿಡಲಿ? ಕಾರ್ಡುಗಳು ಅವಳ ಲೇಸಿನ ಕೆಳಗಿದ್ದವು, ಆಟಗಾರರು ಅವಳ ಚಾಪೆಯ ಮೇಲಿದ್ದರು. ಪಣ ಗೆದ್ದವನು ನಾನೋ ಅವಳೋ ಎಂಬುದು ಇವತ್ತಿಗೂ ನನಗೆ ಬಗೆಹರಿದಿಲ್ಲ. ಕಪಾಟು ನಿನಗೇ ಇರಲಿ, ನನ್ನನ್ನೂ ಆಟಕ್ಕೆ ಸೇರಿಸಿಕೊಳ್ಳಿ ಎಂದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಲೇಸು ತಗೊಂಡೋರಿಗೆ ಅಷ್ಟ ಕಾರ್ಡು" ಎಂದಳು ಸುಮಂಗಲಾ.

ಹೀಗೆ ಮೂರು ಊರುಗಳ ಡಿಸ್ಟ್ರಿಬ್ಯೂಟರನಾದ ನಾನು ನನ್ನದೇ ಅಂಗಡಿಯಲ್ಲಿ ಎರಡು ಗಜ ಗುಲಾಬಿ ಲೇಸು ಕೊಂಡು ಚಾಪೆಯ ಅಂಚಿಗೆ ಕೂತೆ. ಸಿಡಿಲುಗೈ ಬಂದಿದ್ದ, ಬಲ ತೊಂಬತ್ತು. ಬಂಗಾಳಿ ಹೆಣ್ಣುಮಗಳು ನನ್ನ ಮುಖವನ್ನು ಒಮ್ಮೆ ನೋಡಿ, ಈ ಸಲವೂ "ಬುದ್ಧಿ" ಎಂದೇ ಕೂಗಿದಳು.