ಗುಡಿಸಿ ಹೋಗುವ ಹ್ಯಾಕರ್

ಆಫೀಸಿನ ಪಾಸ್‌ವರ್ಡ್ ನೆನಪಾಗಲಿಲ್ಲವೆಂದು ಗುಬ್ಬಿ ಮನೆಯ ಪಾಸ್‌ವರ್ಡ್ ಒತ್ತಿದ. ಒತ್ತಿದ್ದು ಅಷ್ಟೇ. ಆಮೇಲೆ ಆ ದಿನ ಅವನ ಎದೆ ಎಷ್ಟು ಸಲ ನಿಂತು ಮತ್ತೆ ಹೊರಟಿತೆಂದು ಎದೆಗೇ ಲೆಕ್ಕ ಸಿಗಲಿಲ್ಲ.

ಗುಬ್ಬಿ ಲಿಫ್ಟ್ ರಿಪೇರಿ ಕಂಪನಿಯೊಂದರ ದೂರು ವಿಭಾಗದ ಗುಮಾಸ್ತ. ಫೋನಿನಲ್ಲಿ ಯಾರಾದರೂ ಗದರಿದರೆ ಕುರ್ಚಿಯಲ್ಲೇ ಮುದುಡಿ ಅರ್ಧವಾಗುತ್ತಿದ್ದನಾದ್ದರಿಂದ ಆ ಹೆಸರು ಬಿದ್ದಿತ್ತು. ಆದರೆ ಗುಬ್ಬಿಗೂ ಒಂದು ಆಸೆ. ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿ ಬಿದ್ದಿತ್ತು. ಚಕ್ರವಿರುವ, ಕತ್ತಿಗೆ ದಿಂಬಿರುವ, ಕೂತರೆ ಉಸ್ಸೆಂದು ಮೆಲ್ಲಗೆ ಕೆಳಗಿಳಿಯುವ ಕುರ್ಚಿ. ಅವತ್ತು ಸಂಜೆ ಕಂಪನಿಯ ಒಡತಿ ದೊಡ್ಡ ಮೇಡಂ ಬಂದು ಅವನು ಮಾಡಿದ ವರ್ಷದ ವರದಿಯನ್ನು ಸ್ಕ್ರೀನಿನ ಮೇಲೆ ನೋಡುವವರಿದ್ದರು. ಮೆಚ್ಚಿದರೆ ಕುರ್ಚಿ ಗುಬ್ಬಿಗೆ. ಮೆಚ್ಚದಿದ್ದರೆ ಎದುರು ಟೇಬಲಿನ ಮೀಸೆಗೆ. ಅಷ್ಟು ದೊಡ್ಡ ಮೀಸೆಯ ಹಿಂದೆ ಒಬ್ಬ ಮನುಷ್ಯನೂ ಇದ್ದ. ಅವನ ಮಾತೆಲ್ಲ ಸಿನಿಮಾ ಡೈಲಾಗು, ಕೆಲಸವೆಲ್ಲ ನಾಳೆ.

ಮೇಡಂ ಬರುವ ದಿನವಾದ್ದರಿಂದಲೇ ಗುಬ್ಬಿಯ ಕಂಪ್ಯೂಟರಿಗೆ ಅಪ್‌ಗ್ರೇಡ್ ಭಾಗ್ಯ ಬಂದಿತ್ತು. ಹಳೆಯದು ಬೆಳಿಗ್ಗೆ ಆನ್ ಮಾಡಿದರೆ ಟೀ ಕುಡಿದು ಬರುವ ಹೊತ್ತಿಗೂ ಆಕಳಿಸುತ್ತಲೇ ಇರುತ್ತಿತ್ತು. ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಸಿಸ್ಟಂ ಭೂಪ ಬಂದು ಡಬ್ಬಿಯ ಹೊಟ್ಟೆ ಬಿಚ್ಚಿ ಹೊಸ ಮೆಮೊರಿ, ಹೊಸ ಡಿಸ್ಕ್ ಕೂರಿಸಿ, ಹಳೆಯ ಫೈಲುಗಳನ್ನೆಲ್ಲ ತಂದು ಡೆಸ್ಕ್‌ಟಾಪಿನ ಮೇಲೆ ಸುರಿದ. ಸ್ಕ್ರೀನು ಸಂತೆ ಮುಗಿದ ಮೈದಾನದಂತಾಯಿತು. ಐಕಾನುಗಳ ಹಿಂದೆ ಯಾವ ಚಿತ್ರ ಹಾಕಿದ್ದೇನೆಂದು ಗುಬ್ಬಿಗೂ ಮರೆತುಹೋಗಿತ್ತು.

ಭೂಪ ಹೊಸ ಸೌಲಭ್ಯಗಳನ್ನು ಒಂದೊಂದಾಗಿ ತೋರಿಸಿದ. ಎರಡು ಕಿಟಕಿಗಳನ್ನು ಅಕ್ಕಪಕ್ಕ ಅಂಟಿಸುವುದು, ಒಂದೇ ಸ್ಕ್ರೀನಿನಲ್ಲಿ ನಾಲ್ಕು ಡೆಸ್ಕ್‌ಟಾಪ್ ಇಟ್ಟುಕೊಳ್ಳುವುದು. ಕೊನೆಗೆ ಕಂಪ್ಯೂಟರಿಗೆ ಆಫೀಸಿನ ಅಕೌಂಟ್ ಜೋಡಿಸಲು ಹೇಳಿದ. ಅಲ್ಲಿಯೇ ಗುಬ್ಬಿ ಮನೆಯ ಕಂಪ್ಯೂಟರಿನ ಅಕೌಂಟ್ ಹಾಕಿ ಅದರ ಪಾಸ್‌ವರ್ಡ್ ಒತ್ತಿದ್ದು. ಬಾಗಿಲು ತೆರೆಯಿತು. ತೆರೆದ ಮೇಲೆ ಯಾವ ಕೀಲಿಯಾದರೇನು ಎಂದುಕೊಂಡು ಭೂಪ ಟೀಗೆ ಹೋದ.

ಗುಬ್ಬಿ ವರದಿಯ ಮೇಲೆ ಮೌಸ್ ಇಟ್ಟ. ಕಣ್ಣೆದುರೇ ಅದರ ಪಕ್ಕದ ಫೈಲೊಂದು ಮಾಯವಾಯಿತು.

ಕಣ್ಣುಜ್ಜಿಕೊಂಡ. ಇನ್ನೊಂದು ಮಾಯವಾಯಿತು. ಆಮೇಲೆ ಮತ್ತೊಂದು. ಮೌಸ್ ಅವನ ಕೈಯಲ್ಲೇ ಅಲ್ಲಾಡದೆ ಇತ್ತು, ಕೀಬೋರ್ಡ್ ಯಾರೂ ಮುಟ್ಟಿರಲಿಲ್ಲ. ಆದರೂ ಎಡತುದಿಯಿಂದ ಶುರುವಾಗಿ ಸಾಲುಸಾಲಾಗಿ, ಯಾರೋ ಕೂತು ಅವರೆಕಾಯಿ ಸುಲಿಯುತ್ತಿರುವಂತೆ, ಐಕಾನುಗಳು ಒಂದೊಂದೇ ಉದುರುತ್ತಿದ್ದವು. ಗುಬ್ಬಿಯ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಅವನ ವರದಿಯ ಸಾಲು ಬಂತು. ವರದಿಯೂ ಹೋಯಿತು.

ಅವನ ಗಂಟಲಿನಿಂದ ಹೊರಟ ಸದ್ದಿಗೆ ಪಕ್ಕದ ಅಕೌಂಟ್ಸ್ ಅಕ್ಕ ಓಡಿ ಬಂದಳು. ಆಫೀಸಿನಲ್ಲಿ ಯಾರಿಗೆ ಏನೇ ಆದರೂ ಅದು ತನ್ನ ನಾದಿನಿಗೆ ಮೊದಲೇ ಆಗಿತ್ತು ಎನ್ನುವವಳು. ಇದೂ ಆಗಿತ್ತಂತೆ. ಇದು ಹ್ಯಾಕರ್ ಕೆಲಸವೇ, ಮೊದಲು ಫೈಲು ಕದೀತಾರೆ, ಆಮೇಲೆ ಮನುಷ್ಯರನ್ನ ಹೆದರಿಸುತ್ತಾರೆ ಎಂದು ಅವಳು ತೀರ್ಪು ಕೊಟ್ಟಳು. ಮೀಸೆಯೂ ಬಂದು ಕುರ್ಚಿಯ ಬೆನ್ನು ಹಿಡಿದು ನಿಂತ. ಗುಬ್ಬಿಯ ವರದಿ ಕಾಣೆಯಾಗಿದೆ ಎಂದು ಕೇಳಿ ಅವನಿಗೆ ಎಷ್ಟು ದುಃಖವಾಯಿತೆಂದರೆ ಮೀಸೆಯ ಎರಡೂ ತುದಿ ಮೇಲಕ್ಕೆ ಹೋದವು.

ಟೀ ಬಿಟ್ಟು ಬಂದ ಭೂಪ ಕಂಪ್ಯೂಟರಿನ ಕಸದ ಬುಟ್ಟಿ ತೆರೆದು ನೋಡಿದ. ಎಲ್ಲ ಅಲ್ಲೇ ಬಿದ್ದಿದ್ದವು. ಎಲ್ಲರೂ ನಿಟ್ಟುಸಿರು ಬಿಟ್ಟರು. ಗುಬ್ಬಿ ವರದಿಯನ್ನು ಎತ್ತಿ ಮತ್ತೆ ಡೆಸ್ಕ್‌ಟಾಪಿಗೆ ಇಟ್ಟ. ಅದು ಎರಡು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ ಇರಲಿಲ್ಲ.

ಮತ್ತೆ ಎತ್ತಿಟ್ಟ. ಮತ್ತೆ ಹೋಯಿತು. ಇವನು ಇಡುವುದು, ಅವನು ತೆಗೆಯುವುದು. ಹೀಗೆ ಊಟದ ಹೊತ್ತಿನವರೆಗೆ ನಡೆಯಿತು. ಯಾರೂ ಊಟಕ್ಕೆ ಏಳಲಿಲ್ಲ. ಇಂಥ ಪಿಕ್ಚರ್ ಬಿಟ್ಟು ಯಾರು ಏಳುತ್ತಾರೆ?

“ಮಾತಾಡಿಸಿ ನೋಡೋ,” ಎಂದ ಮೀಸೆ. “ಎದುರಾಳಿ ಅಂದ್ಮೇಲೆ ಒಂದು ಡೈಲಾಗಾದ್ರೂ ಬೇಡ್ವಾ.”

ಹೇಗೆ ಮಾತಾಡಿಸುವುದು? ಭೂಪನಿಗೆ ಹೊಳೆಯಿತು. ಹೊಸ ಫೋಲ್ಡರ್ ಮಾಡಿ, ಅದರ ಹೆಸರಿನ ಜಾಗದಲ್ಲಿ ಹೇಳಬೇಕಾದ್ದನ್ನು ಬರೆಯುವುದು. ಗುಬ್ಬಿ ‘ದಯವಿಟ್ಟು ತಾವು ಯಾರು’ ಎಂದು ಬರೆದ. ಪ್ರಶ್ನಾರ್ಥಕ ಚಿಹ್ನೆ ಹಾಕಲು ಹೋದರೆ ಫೋಲ್ಡರಿನ ಹೆಸರಿನಲ್ಲಿ ಅದಕ್ಕೆಲ್ಲ ಜಾಗವಿಲ್ಲವೆಂದು ಕಂಪ್ಯೂಟರ್ ಗದರಿತು. ಕಳ್ಳನನ್ನು ಕೇಳಲೂ ಅನುಮತಿಯಿಲ್ಲದ ಕಾಲ.

ಎಲ್ಲರೂ ಸ್ಕ್ರೀನಿಗೆ ಮೂಗು ತಾಗಿಸಿದರು. ಫೋಲ್ಡರು ಮಾಯವಾಯಿತು. ಆ ಜಾಗದಲ್ಲಿ, ಯಾರೂ ಏನೂ ಮುಟ್ಟದೆ, ಹೊಸ ಫೋಲ್ಡರೊಂದು ಮೂಡಿತು. ‘ಮೊದಲು ನೀನ್ಯಾರು ಹೇಳು’.

ಅಕ್ಕ ಗೋಡೆಗೆ ಒರಗಿದಳು. ನಾದಿನಿಗೂ ಇಷ್ಟು ಆಗಿರಲಿಲ್ಲ. ಗುಬ್ಬಿಯ ಕಾಲಿನಲ್ಲಿ ಜೀವವೇ ಇರಲಿಲ್ಲ. ಕೂತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ‘ನನ್ನ ಫೈಲು ವಾಪಸ್ ಕೊಡಿ’ ಎಂದು ಬರೆದ. ಉತ್ತರ ಕೂಡಲೇ ಬಂತು. ‘ಕಸ ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ’.

ನಮ್ಮಲ್ಲಿ ಎಂದಿದ್ದಾನೆ, ಅಂದರೆ ಒಬ್ಬನಲ್ಲ, ದೊಡ್ಡ ಗ್ಯಾಂಗ್ ಎಂದು ಭೂಪ ಪಿಸುಗುಟ್ಟಿದ. ವರ್ಷವಿಡೀ ಒದ್ದಾಡಿ ಮಾಡಿದ ವರದಿಯನ್ನು ಕಸ ಅಂದದ್ದು ಕೇಳಿ ಗುಬ್ಬಿಗೆ ಮೊದಲ ಸಲ ಭಯದ ಪಕ್ಕದಲ್ಲಿ ಕೋಪವೂ ಬಂದು ಕೂತಿತು. ಅದನ್ನು ಗಮನಿಸಿದ ಮೀಸೆ ಬೆಂಕಿಗೆ ಊದಿದ. ಕಳ್ಳನಿಗೆ ದಯವಿಟ್ಟು ತಾವು ಅಂತ ಯಾರಾದರೂ ಬರೆಯುತ್ತಾರಾ, ಗಂಡಸಿನ ಹಾಗೆ ಎರಡು ಬಿಡು ಎಂದ. ಎರಡು ಯಾವುದು ಬಿಡಬೇಕೆಂದು ಗುಬ್ಬಿಗೆ ತಿಳಿಯದ್ದರಿಂದ ಮೂವರೂ ಕೈ ಜೋಡಿಸಿದರು. ಹೆಗ್ಗಣ ಎಂಬ ಮಾತನ್ನು ಕೊಟ್ಟವಳು ಅಕ್ಕ. ಅದಕ್ಕೆ ಹಲ್ಲು ಉದುರಿಸಿದವನು ಮೀಸೆ. ವಿಳಾಸ ಸೇರಿಸೋಣ, ಸವಾಲು ಅಂದರೆ ಅದು ಎಂದವನು ಭೂಪ. ಟೈಪ್ ಮಾಡಿದವನು ಗುಬ್ಬಿ.

‘ಹಲ್ಲುದುರಿದ ಹೆಗ್ಗಣವೇ ತಾಕತ್ತಿದ್ದರೆ ಎದುರಿಗೆ ಬಾ ಲಿಫ್ಟ್ ಆಫೀಸು ಮೂರನೇ ಮಹಡಿ’.

ಆ ಕಡೆ ತುಂಬ ಹೊತ್ತು ಮೌನ. ಸಿನಿಮಾ ಆಗಿದ್ದರೆ ಇಲ್ಲಿ ಬರೀ ಗಡಿಯಾರದ ಸದ್ದು ಕೇಳಿಸುತ್ತಿತ್ತು. ಹೆದರಿಬಿಟ್ಟ ಮಗ ಎಂದು ಮೀಸೆ ಮೀಸೆ ತಿರುವುವಷ್ಟರಲ್ಲಿ ಸ್ಕ್ರೀನಿನ ನಟ್ಟನಡುವೆ ಒಂದೇ ಒಂದು ಫೋಲ್ಡರ್ ಮೂಡಿತು.

‘ಬರುತ್ತಿದ್ದೇನೆ’.

ಇಂಟರ್‌ವಲ್.

ಅದಾದ ಮೇಲೆ ಸ್ಕ್ರೀನು ಸತ್ತಂತೆ ತಣ್ಣಗಾಯಿತು. ಇದೇ ಸಮಯವೆಂದು ಗುಬ್ಬಿ ವರದಿ ಎತ್ತಿಕೊಳ್ಳಲು ಕಸದ ಬುಟ್ಟಿ ತೆರೆದ. ಒಳಗೆ ಏನೂ ಇರಲಿಲ್ಲ. ಹೊರಡುವ ಮುಂಚೆ ಹ್ಯಾಕರ್ ಕಸದ ಬುಟ್ಟಿಯನ್ನೂ ತೊಳೆದಿಟ್ಟು ಹೋಗಿದ್ದ. ಭೂಪ ಎಲ್ಲೆಲ್ಲೋ ಕೈ ಹಾಕಿ ನೋಡಿ, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಗುಬ್ಬಿಯ ಹೆಗಲು ತಟ್ಟಿದ.

ವರದಿ ಹೋಯಿತು, ಕುರ್ಚಿ ಹೋಯಿತು, ಈಗ ಪ್ರಾಣಕ್ಕೂ ಒಬ್ಬ ಹೊರಟು ಬರುತ್ತಿದ್ದ. ಗುಬ್ಬಿ ಹೆಂಡತಿಯ ಕಚೇರಿಗೆ ಫೋನ್ ಮಾಡಿ, ನಾನೇನಾದರೂ ಇವತ್ತು ಮನೆಗೆ ಬರದಿದ್ದರೆ ಎಂದು ಶುರು ಮಾಡಿದ. ಅವಳು ಮೀಟಿಂಗಿನಲ್ಲಿದ್ದಳು. ಬರದೆ ಎಲ್ಲಿಗೆ ಹೋಗ್ತೀರಿ, ಬರುವಾಗ ಹಾಲು ತನ್ನಿ ಎಂದು ಇಟ್ಟುಬಿಟ್ಟಳು.

ಪೊಲೀಸರಿಗೆ ಹೇಳೋಣವೆಂದರೆ, ಕರೆದವರು ನಾವೇ ಅಲ್ಲವೇ ಎಂದು ಅಕ್ಕ ಕಾನೂನು ಎತ್ತಿದಳು. ಹಾಗಾಗಿ ಯುದ್ಧಕ್ಕೆ ಸಿದ್ಧತೆ ನಡೆಯಿತು. ಅಕ್ಕ ಕಾಗದಕ್ಕೆ ತೂತು ಹೊಡೆಯುವ ಮಷೀನನ್ನು ಕೈಗೆತ್ತಿಕೊಂಡಳು. ಭೂಪ ನೆಟ್‌ವರ್ಕ್ ಕೇಬಲ್ಲನ್ನು ಚಾಟಿಯಂತೆ ಸುತ್ತಿಕೊಂಡ. ಬೆಳಿಗ್ಗೆಯಿಂದ ಡೈಲಾಗ್ ಹೊಡೆದಿದ್ದ ಮೀಸೆ, ಪೆನ್ನು ಬಿತ್ತೆಂದು ಟೇಬಲ್ ಕೆಳಗೆ ಹೋದವನು ಹುಡುಕುತ್ತಲೇ ಇದ್ದ. ಗುಬ್ಬಿ ಹಳೆಯ ಕೀಬೋರ್ಡನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಬಾಗಿಲಿನ ಹಿಂದೆ ನಿಂತ.

ಮೆಟ್ಟಿಲಿನಲ್ಲಿ ಹೆಜ್ಜೆ ಸದ್ದು ಕೇಳಿಸಿತು. ಒಬ್ಬರದಲ್ಲ, ಇಬ್ಬರದು. ಗ್ಯಾಂಗೇ ಬಂದಿತ್ತು. ಬಾಗಿಲು ತೆರೆಯಿತು. ಮೊದಲು ಒಂದು ಮಡಚಿದ ಛತ್ರಿಯ ಚೂಪು ತುದಿ ಒಳಗೆ ಬಂತು. ಅದರ ಹಿಂದೆ ಏದುಸಿರು ಬಿಡುತ್ತಾ ಗುಬ್ಬಿಯ ಹೆಂಡತಿಯ ಅಪ್ಪ.

ಕೀಬೋರ್ಡ್ ಗುಬ್ಬಿಯ ಕೈ ಜಾರಿ ಅವನ ತಲೆಯ ಮೇಲೆಯೇ ಬಿತ್ತು.

“ಮಾವ,” ಎಂದ. ಆ ಒಂದು ಮಾತಿಗೆ ಅವನಲ್ಲಿದ್ದ ಗಾಳಿಯೆಲ್ಲ ಖರ್ಚಾಯಿತು.

“ಅಳಿಯಂದ್ರೇ, ಹುಷಾರು,” ಎಂದರು ಮಾವ, ಛತ್ರಿಯನ್ನು ಸುತ್ತಲೂ ತಿರುಗಿಸುತ್ತಾ. “ನಿಮ್ಮ ಆಫೀಸಲ್ಲೇ ಒಬ್ಬ ಕಳ್ಳ ಸೇರ್ಕೊಂಡಿದ್ದಾನೆ.”

ಮಾವ ದೊಡ್ಡ ಕಾರ್ಖಾನೆಯೊಂದರ ಉಗ್ರಾಣ ನೋಡಿಕೊಂಡು ನಿವೃತ್ತರಾದವರು. ಮೊಳೆ ಮೊಳೆಯ ಡಬ್ಬಿಯಲ್ಲೇ ಇರಬೇಕು, ಇಲ್ಲದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಈಗ ಇರುವುದು ಗುಬ್ಬಿಯ ಮನೆಯಲ್ಲೇ. ಅಲ್ಲಿಯ ಕಂಪ್ಯೂಟರನ್ನು ಕಲಿತ ಮೇಲೆ ಆ ಶಿಸ್ತು ಅದಕ್ಕೂ ತಗುಲಿತ್ತು. ಅವರು ಹೇಳಿದ ಕತೆ ಇಷ್ಟು. ಕಷ್ಟಪಟ್ಟು ಚೊಕ್ಕ ಮಾಡಿಟ್ಟಿದ್ದ ಮನೆಯ ಸ್ಕ್ರೀನು ಬೆಳಿಗ್ಗೆ ತೆರೆದರೆ ತಿಪ್ಪೆಯಾಗಿತ್ತು. ತೆಗೆದರು. ಮತ್ತೆ ಬಂತು. ಯಾವನೋ ತಲೆಹರಟೆ, ತೆಗೆದಷ್ಟೂ ಕಸ ತಂದು ಸುರಿಯುತ್ತಲೇ ಇದ್ದ. ನಾನು ಬಿಡುವವನಾ ಎಂದು ಅವರೂ ತೆಗೆಯುತ್ತಲೇ ಇದ್ದರು.

ಭೂಪನ ಕೈಯಿಂದ ಕೇಬಲ್ ಸುರುಳಿ ಬಿಚ್ಚಿಕೊಂಡಿತು. ಎರಡೂ ಕಡೆ ಒಂದೇ ಅಕೌಂಟ್, ಹಾಗಾಗಿ ಎರಡೂ ಕಡೆ ಒಂದೇ ಡೆಸ್ಕ್‌ಟಾಪ್. ಇಲ್ಲಿ ಇಟ್ಟದ್ದು ಅಲ್ಲಿ ಬರುತ್ತದೆ, ಅಲ್ಲಿ ತೆಗೆದದ್ದು ಇಲ್ಲಿ ಹೋಗುತ್ತದೆ ಎಂದು ಅವನು ನೆಲ ನೋಡುತ್ತಾ ವಿವರಿಸಿದ. ಗುಬ್ಬಿಗೆ ತಾನು ಬೆಳಿಗ್ಗೆಯಿಂದ ಯಾರ ಜೊತೆ ಕುಸ್ತಿ ಆಡಿದೆ ಎಂಬುದು ಕಾಲಿನ ಹೆಬ್ಬೆರಳಿನಿಂದ ತಲೆಯವರೆಗೆ ಮೆಲ್ಲಗೆ ಏರಿತು.

ಆಗಲೇ ಅವರೆಲ್ಲ ಎರಡನೆಯ ಹೆಜ್ಜೆಯ ಒಡೆಯರನ್ನು ನೋಡಿದ್ದು. ಮಾವನ ಹಿಂದೆ ದೊಡ್ಡ ಮೇಡಂ ನಿಂತಿದ್ದರು. ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿದ್ದರು. ಜೊತೆಗಿದ್ದವರು ಯಾರೆಂದು ಗೊತ್ತಿಲ್ಲದ ಮಾವ ಮೂರು ಮಹಡಿಯುದ್ದಕ್ಕೂ ಈ ಆಫೀಸಿನವರ ಕಸದ ವರ್ಣನೆ ಮಾಡಿದ್ದರು.

ಮೇಡಂ ನೇರವಾಗಿ ಗುಬ್ಬಿಯ ಕಂಪ್ಯೂಟರಿನ ಮುಂದೆ ಹೋಗಿ ನಿಂತರು. ವರದಿ ಎಲ್ಲಿ ಎಂದು ಕೇಳಿದರು. ಗುಬ್ಬಿ ಮಾವನ ಮುಖ ನೋಡಿದ.

“ಅದಾ?” ಎಂದರು ಮಾವ. “ಫೈನಲ್ ಅಂತ ಒಂದಿತ್ತು, ಹೊಸ ಫೈನಲ್ ಅಂತ ಒಂದು, ಇದೇ ನಿಜವಾದ ಫೈನಲ್ ಅಂತ ಇನ್ನೊಂದು. ಬರೆದೋನಿಗೇ ನಂಬಿಕೆ ಇಲ್ಲದ್ದು ನಮಗ್ಯಾಕೆ ಅಂತ ಎಲ್ಲಾ ತೆಗೆದೆ.”

ಮೇಡಂ ಖಾಲಿ ಸ್ಕ್ರೀನನ್ನು ನೋಡುತ್ತಲೇ ಇದ್ದರು. ಗುಬ್ಬಿ ಕಣ್ಣು ಮುಚ್ಚಿಕೊಂಡು ಏಟಿಗೆ ಕಾದ. ಕೇಳಿಸಿದ್ದು ಬೇರೆ.

“ಈ ವಿಭಾಗದಲ್ಲಿ ಒಂದು ಕಂಪ್ಯೂಟರಿನ ನೆಲ ಕಾಣಿಸ್ತಿರೋದು ಇವತ್ತೇ ಮೊದಲು,” ಎಂದರು ಮೇಡಂ. ಮಾವನ ಕಡೆ ತಿರುಗಿ, ನಿವೃತ್ತರಾಗಿ ಮನೆಯಲ್ಲಿ ಸುಮ್ಮನೆ ಕೂತಿದ್ದೀರಾ ಎಂದು ವಿಚಾರಿಸಿದರು. ಸುಮ್ಮನೆ ಕೂರುವುದು ತಮ್ಮ ಜಾತಕದಲ್ಲೇ ಇಲ್ಲವೆಂದರು ಮಾವ. ಅಲ್ಲಿಗೆ ಮಾತು ಮುಗಿಯಿತು. ಟೇಬಲ್ ಕೆಳಗಿಂದ ಹೊರಬಂದ ಮೀಸೆಯ ಮೀಸೆ ಜೋತು ಬಿತ್ತು. ದಿಂಬಿರುವ ಕುರ್ಚಿಯಲ್ಲಿ ಮಾವ ಕೂತರು. ಅದು ಉಸ್ಸೆಂದು ಮೆಲ್ಲಗೆ ಕೆಳಗಿಳಿಯಿತು. ಗುಬ್ಬಿಗೆ ಆ ಸದ್ದು ತನ್ನ ಎದೆಯೊಳಗಿಂದ ಬಂದಂತೆ ಕೇಳಿಸಿತು.

ಮೇಡಂ ಇಳಿದು ಹೋದ ಮೇಲೆ ಹೊಸ ಮುಖ್ಯಸ್ಥರು ಛತ್ರಿಯನ್ನು ಟೇಬಲಿನ ಮೇಲೆ ಅಡ್ಡಲಾಗಿ ಇಟ್ಟರು. ಅಕ್ಕ, ಮೀಸೆ, ಭೂಪ ಮೂವರೂ ತಮ್ಮ ತಮ್ಮ ಬೆರಳುಗಳನ್ನು ಹಿಂದಕ್ಕೆ ಕಟ್ಟಿಕೊಂಡು ಗೋಡೆಯ ಬಣ್ಣ ನೋಡುತ್ತಿದ್ದರು. ಒಬ್ಬರು ಬಾಯಿ ಬಿಟ್ಟರೆ ನಾಲ್ವರೂ ಮುಳುಗುವುದು ಎಲ್ಲರಿಗೂ ಗೊತ್ತಿತ್ತು.

“ಹೆಗ್ಗಣ ಅಂದ,” ಎಂದರು ಮಾವ. “ಅನ್ನಲಿ. ಆದ್ರೆ ಹಲ್ಲುದುರಿದ ಅಂದ. ನಂದು ಕಟ್ಟಿಸಿದ ಹಲ್ಲು ಅಂತ ನಮ್ಮ ಮನೆಯವರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ.”

ಗುಬ್ಬಿ ಇದೇ ಕೊನೆಯೆಂದುಕೊಂಡು ಬಾಯಿ ತೆರೆದ. ಮಾವ ಕೈ ಎತ್ತಿ ತಡೆದರು.

“ನೀವು ಅಂತ ನಾನು ಹೇಳ್ತಿಲ್ಲ ಅಳಿಯಂದ್ರೇ. ನಿಮಗೆ ಅಷ್ಟು ಧೈರ್ಯ ಇಲ್ಲ, ಅದು ನನಗೂ ಗೊತ್ತು, ನನ್ನ ಮಗಳಿಗೂ ಗೊತ್ತು. ನೀವು ಆ ಕಡೆ ಈ ಕಡೆ ಹೋದಾಗ ಯಾವನೋ ನಿಮ್ಮ ಜಾಗದಲ್ಲಿ ಕೂತಿದ್ದಾನೆ.” ಅವರು ಹಲ್ಲುಗಳನ್ನು ನಾಲಿಗೆಯಿಂದ ಒಮ್ಮೆ ಸರಿಪಡಿಸಿಕೊಂಡರು. “ಅವನು ಯಾರು ಅಂತ ಹುಡುಕಿ, ನಾಳೆ ಬೆಳಿಗ್ಗೆ ಕುತ್ತಿಗೆ ಪಟ್ಟಿ ಹಿಡಿದು ತಂದು ಇಲ್ಲಿ ನಿಲ್ಲಿಸ್ಬೇಕು. ಈ ವಿಭಾಗದಲ್ಲಿ ನಾನು ಕೊಡ್ತಿರೋ ಮೊದಲ ಕೆಲಸ ಇದು. ಬೇರೆ ಯಾರನ್ನೂ ನಂಬೋ ಹಾಗಿಲ್ಲ. ನೀವೇ ಮಾಡಿ.”

ಗುಬ್ಬಿ ತಲೆಯಾಡಿಸಿದ. ಅವನ ಕೈ ತನ್ನಷ್ಟಕ್ಕೆ ತಾನೇ ಮೇಲೆ ಹೋಗಿ, ತನ್ನದೇ ಅಂಗಿಯ ಕುತ್ತಿಗೆ ಪಟ್ಟಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಿತು.