ನನ್ನ ಕೈಗುಣ ಮತ್ತು ತೊಟ್ಟಿಯ ಹುಲ್ಲು

ಕೈಗುಣ ಎಂಬುದು ಎಲ್ಲರಿಗೂ ಇರುವುದಿಲ್ಲ, ನನಗಿದೆ. ಹೇಳಿಕೊಳ್ಳಲು ಸಂಕೋಚವೂ ಇಲ್ಲ. ಇಪ್ಪತ್ತು ವರ್ಷಗಳಿಂದ ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಓಡಾಡಿ, ಅಲ್ಲಿನ ಕೆಂಪು ಬಾಳೆಯ ಬೆಳೆಗಾರರಿಗೆ ಸಲಹೆ ಕೊಡುವುದೇ ನನ್ನ ನೌಕರಿ. ಗಡ್ಡೆಯನ್ನು ಚೆನ್ನಾಗಿ ಹೂಳಿ, ಮಣ್ಣು ಗಟ್ಟಿಯಾಗಿ ತುಳಿಯಿರಿ, ಆಮೇಲೆ ತಾಳ್ಮೆಯಿಂದಿರಿ ಎಂದು ಹೇಳಿ ಹೇಳಿ ಗಂಟಲು ಒಣಗಿದೆ. ಒಮ್ಮೆ ಶರಣಪ್ಪ ಎಂಬ ರೈತ ಬೇರು ಬಿಟ್ಟಿದೆಯೋ ಇಲ್ಲವೋ ಎಂದು ಗಡ್ಡೆ ಕಿತ್ತು ನೋಡಿದ್ದಕ್ಕೆ ಹತ್ತು ಜನರೆದುರು ಬೈದಿದ್ದೇನೆ.

ಇಂಥ ನಾನು ಮನೆಯ ಮೀನಿನ ತೊಟ್ಟಿಯಲ್ಲಿ ಒಂದು ಹುಲ್ಲು ಬೆಳೆಸಲಾರೆನೇ? ವ್ಯಾಲಿಸ್ನೇರಿಯಾ ಎಂದು ಅದರ ಹೆಸರು. ರಿಬ್ಬನ್ನಿನಂಥ ಉದ್ದುದ್ದ ಎಲೆಗಳು ತಳದಿಂದ ನೀರಿನ ಮೇಲಿನವರೆಗೂ ಬೆಳೆದು ಮೀನುಗಳ ನಡುವೆ ತೂಗಾಡುತ್ತವೆ. ಮೀನಿನ ಅಂಗಡಿಯ ಸಲೀಂ ಭಾಯ್ ಐದು ಸಸಿ ಕಟ್ಟಿಕೊಡುತ್ತ, "ಬೇರಷ್ಟೇ ಮರಳಾಗ ಇಡ್ರಿ ಸಾಬ್, ಬುಡ ಮ್ಯಾಲ ಇರ್ಲಿ. ಮೊದಲ ಹಳೀ ಎಲಿ ಕೊಳೀತಾವ, ಫಿಕರ್ ಮಾಡಬ್ಯಾಡ್ರಿ. ಕೈ ಹಚ್ಚಬ್ಯಾಡ್ರಿ, ಬಸ್" ಎಂದರು. ಮೀನು ಮಾರುವವರಿಂದ ನಾನು ಗಿಡ ನೆಡುವುದು ಕಲಿಯಬೇಕೇ ಎಂದು ಒಳಗೊಳಗೇ ನಕ್ಕು, ಬಾಳೆಗೆ ಮಾಡುವಂತೆ ಬುಡವನ್ನೇ ಹೂತು, ಹೆಬ್ಬೆರಳಿನಿಂದ ಮರಳು ಒತ್ತಿದೆ.

ನಾಲ್ಕೇ ದಿನಕ್ಕೆ ಎಲೆಗಳು ಕರಗತೊಡಗಿದವು. ಕಿತ್ತು ಬೇರು ನೋಡಿದೆ. ಇನ್ನಷ್ಟು ಆಳಕ್ಕೆ ಹೂತೆ. ಮರುದಿನ ಚಹಾ ಕುಡಿದು ಮತ್ತೆ ಕಿತ್ತೆ. ಮೂರು ಸಸಿ ಹೀಗೇ ಹೋದವು. ಮೀನುಗಳು ನನ್ನ ಕೈ ಕಂಡರೆ ಮೂಲೆ ಸೇರುತ್ತಿದ್ದವು. ತೊಟ್ಟಿ ಇಟ್ಟಿದ್ದ ಕಿಟಕಿ ಪಕ್ಕದ ಜಾಗದ ಮೇಲೆ ನನ್ನ ಹೆಂಡತಿ ಸುವರ್ಣಾಗೆ ಮೊದಲಿನಿಂದಲೂ ಕಣ್ಣು. "ಈ ತಿಂಗಳು ಮುಗಿಯೋದ್ರಾಗ ಹಸರು ಕಾಣಲಿಲ್ಲಂದ್ರ ತೊಟ್ಟಿ ತೆಗೀರಿ. ಅಲ್ಲಿ ನನ್ನ ಹೊಲಿಗಿ ಮಷೀನ್ ಇಡ್ತೀನಿ" ಎಂದಳು. ನನಗೆ ನಿಜಕ್ಕೂ ಸಂಕಟವಾಯಿತು. ಬಸ್ಸಿನ ಧೂಳು ತೊಳೆದುಕೊಂಡು ಆ ನೀರಿನ ಮುಂದೆ ಕೂರುವ ಅರ್ಧ ಗಂಟೆಯೇ ನನ್ನ ದಿನದ ಸುಖ.

ಅಷ್ಟರಲ್ಲಿ ಮೂರು ವಾರದ ತರಬೇತಿಗೆ ಬೇರೆ ಊರಿಗೆ ಹೋಗಬೇಕಾಯಿತು. ಹೊರಡುವ ಬೆಳಿಗ್ಗೆಯೂ ಉಳಿದೆರಡು ಸಸಿಗಳನ್ನು ಕಿತ್ತು ನೋಡಿದೆ. ಬಸ್ಸಿಗೆ ಹೊತ್ತಾಯಿತೆಂದು ಬೇರಷ್ಟೇ ಮರಳಿಗೆ ತುರುಕಿ ಓಡಿದೆ. ತಿರುಗಿ ಬಂದು ನೋಡಿದರೆ ಹೊಸ ಎಲೆಗಳು ಗೇಣುದ್ದ ನಿಂತಿವೆ; ಮರಳಿನ ಮೇಲೆ ಕುಡಿ ಹಬ್ಬಿ ಎರಡು ಮರಿಸಸಿಗಳೂ ಹುಟ್ಟಿವೆ.

ಆ ಐತವಾರವೇ ಶರಣಪ್ಪ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಿಡಿದು ಮನೆಗೆ ಬಂದ. ನಾನು ತೊಟ್ಟಿ ತೋರಿಸಿ ಕೈಗುಣದ ವಿಷಯ ತೆಗೆದೆ.

"ಚಲೋ ಬೆಳದಾವ್ರೀ ಸಾಹೇಬ್ರ. ಏನ್ ಹಾಕಿದ್ರಿ?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಸುವರ್ಣಾ ಚಹಾ ಇಡುತ್ತ, "ಏನೂ ಹಾಕಿಲ್ಲಣ್ಣ. ಇವರು ಮೂರು ವಾರ ಊರಾಗ ಇರಲಿಲ್ಲ. ಇದ್ದಿದ್ರ ದಿನಾ ಕಿತ್ತಿ ಬೇರ ನೋಡ್ತಿದ್ರು" ಎಂದಳು.

ಶರಣಪ್ಪ ನನ್ನ ಮುಖ ನೋಡಿದ. ಚಿಪ್ಪಿನಿಂದ ಒಂದು ಹಣ್ಣು ಮುರಿದು ನನ್ನ ಕೈಗಿಟ್ಟ, ದೊಡ್ಡ ಮನುಷ್ಯ. ನಾನು ಆ ಒಂದೇ ಹಣ್ಣನ್ನು ಬಹಳ ಹೊತ್ತು ಸುಲಿದೆ.

ತೊಟ್ಟಿ ಉಳಿಯಿತು. ಹೊಲಿಗೆ ಮಷೀನೂ ಅದರ ಪಕ್ಕಕ್ಕೇ ಬಂದಿದೆ. ಬೆಳಕಿಗಾಗಿ ಎನ್ನುತ್ತಾಳೆ ಸುವರ್ಣಾ. ಆದರೆ ನಾನು ಅಂಗಿಯ ತೋಳು ಮಡಚಿದ ಕೂಡಲೇ ಮಷೀನಿನ ಸದ್ದು ನಿಲ್ಲುತ್ತದೆ.